ವಲಸಿಗರು ಕಡಿಮೆ ಇರುವ ಕಡೆಯೇ ವಲಸೆ ವಿರೋಧಿ ಪಕ್ಷಕ್ಕೆ ಹೆಚ್ಚು ವೋಟು, ಯಾಕೆ?

2025ರ ಫೆಬ್ರುವರಿಯಲ್ಲಿ ನಡೆದ ಜರ್ಮನಿಯ ಸಂಸತ್ ಚುನಾವಣೆಯಲ್ಲಿ ವಲಸೆ ವಿರೋಧಿ ಪಕ್ಷ ಎಎಫ್‌ಡಿ ಶೇ 20.8ರಷ್ಟು ಮತ ಪಡೆದು ಎರಡನೇ ಸ್ಥಾನಕ್ಕೆ ಬಂತು. ಅಂದರೆ ಮತ ಹಾಕಿದ ಐವರಲ್ಲಿ ಒಬ್ಬರು ಅದರ ಕಡೆ. ಇವರೆಲ್ಲ ಜನಾಂಗದ್ವೇಷಿಗಳು ಅಂತ ಹೇಳಿ ಮಾತು ಮುಗಿಸೋದು ಸುಲಭ. ಆದರೆ ಅದು ಅರ್ಧ ಉತ್ತರ ಮಾತ್ರ.

ಶುರುವಾಗಿದ್ದು ಹೇಗೆ?

2013ರಲ್ಲಿ ಹುಟ್ಟಿದಾಗ ಈ ಪಕ್ಷದ ಮುಖ್ಯ ತಕರಾರು ಇದ್ದದ್ದು ಯೂರೋ ಕರೆನ್ಸಿಯ ಬಗ್ಗೆ. ಆ ವರ್ಷ ಸಂಸತ್ ಪ್ರವೇಶಕ್ಕೆ ಬೇಕಾದ ಶೇ 5ರಷ್ಟು ಮತವೂ ಸಿಗಲಿಲ್ಲ. 2015ರಲ್ಲಿ ಸಿರಿಯಾ, ಅಫ್ಘಾನಿಸ್ತಾನ, ಇರಾಕ್ ಮುಂತಾದ ಕಡೆಗಳಿಂದ ಸುಮಾರು 8.9 ಲಕ್ಷ ಜನ ಆಶ್ರಯ ಕೋರಿ ಬಂದರು. ಚಾನ್ಸಲರ್ ಆಂಗೆಲಾ ಮರ್ಕೆಲ್ ಗಡಿ ಮುಚ್ಚಲಿಲ್ಲ. ಎಎಫ್‌ಡಿ ವಲಸೆಯನ್ನೇ ಕೈಗೆತ್ತಿಕೊಂಡಿತು. 2017ರಲ್ಲಿ ಶೇ 12.6 ಮತಗಳೊಂದಿಗೆ ಸಂಸತ್ತಿಗೆ ಕಾಲಿಟ್ಟಿತು.

ಪೂರ್ವದಲ್ಲೇ ಯಾಕೆ?

ಪಕ್ಷದ ಭದ್ರಕೋಟೆ ಇರೋದು ಹಿಂದೆ ಕಮ್ಯುನಿಸ್ಟ್ ಆಡಳಿತವಿದ್ದ ಪೂರ್ವ ಜರ್ಮನಿಯಲ್ಲಿ. 2024ರಲ್ಲಿ ತುರಿಂಗಿಯಾ ರಾಜ್ಯದಲ್ಲಿ ಶೇ 32.8 ಮತ ಪಡೆದು ಮೊದಲ ಸ್ಥಾನ ಗಳಿಸಿತು. ಆದರೆ ವಿದೇಶಿಯರ ಪ್ರಮಾಣ ಪಶ್ಚಿಮದ ರಾಜ್ಯಗಳಿಗಿಂತ ಅಲ್ಲಿ ಕಡಿಮೆ!

1990ರ ಏಕೀಕರಣದ ನಂತರ ಪೂರ್ವದ ಸರ್ಕಾರಿ ಕಾರ್ಖಾನೆಗಳನ್ನು ಮಾರಲಾಯಿತು, ಇಲ್ಲವೇ ಮುಚ್ಚಲಾಯಿತು. ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಯುವಕರು, ಅದರಲ್ಲೂ ಯುವತಿಯರು, ಪಶ್ಚಿಮಕ್ಕೆ ಹೋದರು. ಊರುಗಳಿಗೆ ವಯಸ್ಸಾಯಿತು. ಉಳಿದವರಿಗೆ 'ನಮ್ಮನ್ನು ಕೇಳೋರಿಲ್ಲ' ಅನ್ನೋ ಭಾವನೆ. ನಿರಾಶ್ರಿತರಿಗೆ ಸರ್ಕಾರ ಖರ್ಚು ಮಾಡೋದು ಕಂಡಾಗ 'ನಮಗಿಲ್ಲದ ದುಡ್ಡು ಇವರಿಗೆ ಎಲ್ಲಿಂದ ಬಂತು?' ಅನ್ನೋ ಪ್ರಶ್ನೆ. ಸಿಟ್ಟು ಹಳೆಯದು, ಪಕ್ಷ ಅದಕ್ಕೊಂದು ಹೊಸ ಗುರಿ ತೋರಿಸಿತು.

ದುಡ್ಡಿನ ಕತೆ ಮಾತ್ರವೇ?

ಅಲ್ಲ. 2024ರ ಆಗಸ್ಟ್‌ನಲ್ಲಿ ಪಶ್ಚಿಮದ ಜೋಲಿಂಗನ್‌ನಲ್ಲಿ ಸಿರಿಯಾ ಮೂಲದ ವ್ಯಕ್ತಿ ಚಾಕುವಿನಿಂದ ಮೂವರನ್ನು ಕೊಂದ. ಇಂಥ ಘಟನೆಗಳು ಹುಟ್ಟಿಸುವ ಭಯ ಸುಳ್ಳಲ್ಲ. ದ್ವೇಷವೂ ಸುಳ್ಳಲ್ಲ: ತುರಿಂಗಿಯಾದ ಪಕ್ಷದ ನಾಯಕ ಬ್ಯೋರ್ನ್ ಹೋಕೆಗೆ ನಾಜಿ ಘೋಷಣೆ ಬಳಸಿದ್ದಕ್ಕೆ ಕೋರ್ಟ್ ದಂಡ ಹಾಕಿದೆ. ಅದು ಗೊತ್ತಿದ್ದೂ ಜನ ವೋಟು ಹಾಕಿದ್ದಾರೆ.

ಉಳಿದ ಪಕ್ಷಗಳು ಏನು ಮಾಡಿದವು? 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ಆದರೂ 2021ಕ್ಕೆ ಹೋಲಿಸಿದರೆ ಎಎಫ್‌ಡಿಯ ಮತ ದುಪ್ಪಟ್ಟಾಯಿತು.

ಇದು ನಮಗೆ ದೂರದ ಸುದ್ದಿಯೂ ಅಲ್ಲ. ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಇವತ್ತು ಭಾರತೀಯರದ್ದೇ ದೊಡ್ಡ ಗುಂಪು. ನನ್ನ ಜೊತೆ ಇಂಜಿನಿಯರಿಂಗ್ ಓದಿದವರೂ ಅಲ್ಲಿದ್ದಾರೆ. ಅವರನ್ನು ಓಡಿಸಿದರೆ ಮುಚ್ಚಿದ ಕಾರ್ಖಾನೆ ತೆರೆಯಲ್ಲ. ಮತದಾರರನ್ನು ಬೈದರೂ ತೆರೆಯಲ್ಲ.