ಕೆರೆಯಂಗಳದ ಕ್ರೀಡಾರಂಗ: ಕಲ್ಕತ್ತೆ, ಬೆಂಗಳೂರುಗಳಲ್ಲಿ ಸ್ಥಲನಿರ್ಣಯದ ವಿಚಾರ

ಪ್ರೇಕ್ಷಾಗೃಹವನ್ನು ಯಾವ ನೆಲದಲ್ಲಿ ಕಟ್ಟಬೇಕು, ಎಷ್ಟು ವಿಸ್ತಾರವಾಗಿ ಕಟ್ಟಬೇಕು, ನೋಡಬಂದ ಜನರು ಯಾವ ಬಾಗಿಲಿನಿಂದ ಒಳಹೊಗಬೇಕು ಎಂಬ ಪ್ರಶ್ನೆಗಳು ನಮ್ಮ ದೇಶಕ್ಕೆ ಹೊಸವಲ್ಲ. ಭರತಮುನಿಯು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವನ್ನು ಈ ವಿಚಾರಕ್ಕಾಗಿಯೇ ಮೀಸಲಿಟ್ಟಿರುವನೆಂಬುದು ವಾಚಕಮಹಾಶಯರಿಗೆ ವಿದಿತವೇ ಆಗಿದೆ. ಭೂಮಿಯು ಸಮವಾಗಿಯೂ ಸ್ಥಿರವಾಗಿಯೂ ಗಟ್ಟಿಯಾಗಿಯೂ ಇರಬೇಕು. ಅದನ್ನು ಮೊದಲು ನೇಗಿಲಿನಿಂದ ಉತ್ತು, ಎಲುಬು, ಗೂಟ, ತಲೆಯೋಡು, ಹುಲ್ಲುಪೊದೆಗಳನ್ನು ತೆಗೆದು ಶೋಧಿಸಬೇಕು. ಅನಂತರ ಪುಷ್ಯನಕ್ಷತ್ರದಲ್ಲಿ ಬಿಳಿಯ ದಾರವನ್ನು ಹಿಡಿದು ಅಳೆಯಬೇಕು. ದಾರವು ನಡುವೆ ಹರಿದುಹೋದರೆ ಒಡೆಯನಿಗೆ ಕೇಡು ತಪ್ಪದು. ಹೀಗೆ ವಿಧಿಯಿದೆ. ದಾರದ ಮಾತನ್ನು ಈಗಿನವರು ನಂಬಲಿ, ಬಿಡಲಿ. ಅಳೆಯುವುದಕ್ಕೆ ಮುಂಚೆ ಶೋಧಿಸಬೇಕೆಂಬ ಕ್ರಮವನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

ನೆಲದೊಳಗೆ ಏನಿದೆಯೆಂದು ಶೋಧಿಸುವುದೆಂದರೆ, ಅದು ಹಿಂದೆ ಯಾರದಾಗಿತ್ತು, ಏನಾಗಿತ್ತು ಎಂದು ವಿಚಾರಿಸುವುದೂ ಹೌದು. ಈ ಎರಡನೆಯ ಶೋಧನೆಯನ್ನು ನಮ್ಮ ಕಾಲದ ಪಟ್ಟಣಗಳು ಮಾಡಿರುವಂತೆ ಕಾಣುವುದಿಲ್ಲ. ಕಾಲ್ಚೆಂಡಾಟಕ್ಕೆ ದೊಡ್ಡ ರಂಗವು ಬೇಕಾದಾಗ ಅವು ಪ್ರೇಕ್ಷಕರು ಸೇರಲು ಅನುಕೂಲವಾದ ಎಡೆಯನ್ನು ಆರಿಸಲಿಲ್ಲ. ಒಡೆಯರಿಲ್ಲದಂತೆ ತೋರಿದ ಎಡೆಯನ್ನು ಆರಿಸಿದುವು. ಪಟ್ಟಣದ ಅಂಚಿನಲ್ಲಿ ಒಡೆಯರಿಲ್ಲದಂತೆ ತೋರುವ ನೆಲವು ಬಹುಮಟ್ಟಿಗೆ ನೀರಿನ ನೆಲ. ಕಲ್ಕತ್ತೆ, ಬೆಂಗಳೂರು ಎಂಬ ಎರಡು ಪಟ್ಟಣಗಳ ದೃಷ್ಟಾಂತದಿಂದ ಈ ಮಾತನ್ನು ಸಮರ್ಥಿಸುವುದೂ, ಆ ಆಯ್ಕೆಯ ಫಲವನ್ನು ಆಟದ ದಿನ ಪ್ರೇಕ್ಷಕನು ಹೇಗೆ ಉಣ್ಣುವನೆಂಬುದನ್ನು ತೋರಿಸುವುದೂ ಈ ಲೇಖನದ ಉದ್ದೇಶ.

ಮೊದಲು ಕಲ್ಕತ್ತೆ. 2001ರಿಂದ ಅದರ ಅಧಿಕೃತ ನಾಮವು ಕೋಲ್ಕತವಾಗಿದ್ದರೂ ಪೂರ್ವಚರಿತ್ರೆಯನ್ನು ಹೇಳುವಾಗ ಹಳೆಯ ಹೆಸರೇ ನಾಲಗೆಗೆ ಬರುತ್ತದೆ. 1757ರ ಪ್ಲಾಸಿ ಯುದ್ಧದ ತರುವಾಯ ಇಂಗ್ಲಿಷರು ಗೋವಿಂದಪುರವೆಂಬ ಗ್ರಾಮದ ಸ್ಥಳದಲ್ಲಿ ಹೊಸ ಫೋರ್ಟ್ ವಿಲಿಯಂ ಕೋಟೆಯನ್ನು ಕಟ್ಟತೊಡಗಿದರು. ಗ್ರಾಮಸ್ಥರಿಗೆ ಬೇರೆಡೆಯಲ್ಲಿ ನಿವೇಶನಗಳು ದೊರೆತುವು. ಕೋಟೆಯ ಫಿರಂಗಿಗಳಿಗೆ ಅಡ್ಡವಿರಬಾರದೆಂದು ಸುತ್ತಣ ಕಾಡನ್ನು ಕಡಿದು ಬಯಲುಮಾಡಿದರು. ಆ ಬಯಲೇ ಮೈದಾನ. ಅದು ಅಂದಿನಿಂದ ಇಂದಿನವರೆಗೂ ಸೈನ್ಯದ ಅಧೀನದಲ್ಲಿರುವುದರಿಂದ ಅಲ್ಲಿ ಶಾಶ್ವತವಾದ ಕಟ್ಟಡಗಳನ್ನು ಎಬ್ಬಿಸುವುದಕ್ಕೆ ಪ್ರತಿಬಂಧವುಂಟು. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮಹಮ್ಮದನ್ ಸ್ಪೋರ್ಟಿಂಗ್ ಎಂಬ ಮೂರು ಪ್ರಸಿದ್ಧ ಸಂಘಗಳ ಆಟದ ಬಯಲುಗಳು ಅಲ್ಲಿಯೇ ಇವೆ. ಬಂಗಾಳದಲ್ಲಿ ಕಾಲ್ಚೆಂಡಾಟವು ಜನರ ಪ್ರಾಣವಾದದ್ದು, ಹೀಗೆ, ರಂಗವನ್ನು ಕಟ್ಟಲಾಗದ ಒಂದು ನೆಲದ ಮೇಲೆ!

1911ನೆಯ ಜುಲೈ 29ರ ವೃತ್ತಾಂತವು ಇದಕ್ಕೆ ನಿದರ್ಶನ. ಅಂದು ಐ. ಎಫ್. ಎ. ಷೀಲ್ಡ್ ಪಂದ್ಯದ ಅಂತಿಮ ಸ್ಪರ್ಧೆಯಲ್ಲಿ ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಗೋರಾ ಸಿಪಾಯಿಗಳನ್ನು 2-1ರಿಂದ ಸೋಲಿಸಿತು. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬರಿಗಾಲಿನಲ್ಲಿ ಆಡಿದರು. ನೋಡಲು ಬಂದವರ ಸಂಖ್ಯೆಯನ್ನು 60,000ದಿಂದ 80,000ದವರೆಗೆ ಹೇಳುವುದುಂಟು. ಇಷ್ಟು ಜನರಿಗೆ ಮೆಟ್ಟಿಲಿನ ಆಸನಗಳು ಎಲ್ಲಿಂದ ಬರಬೇಕು? ವಿಶೇಷ ರೈಲುಗಳಲ್ಲಿಯೂ ನದಿಯ ಉಗಿಹಡಗುಗಳಲ್ಲಿಯೂ ಬಂದವರು ಮರಗಳನ್ನೇರಿದರು, ಪೆಟ್ಟಿಗೆಗಳನ್ನು ಬಾಡಿಗೆಗೆ ಪಡೆದು ಅವುಗಳ ಮೇಲೆ ನಿಂತರು. ಅದೂ ದೊರೆಯದೆ ಹಿಂದೆ ಉಳಿದವರಿಗೆ ಗೋಲಿನ ಎಣಿಕೆಯನ್ನು ಗಾಳಿಪಟಗಳನ್ನು ಹಾರಿಸಿ ತಿಳಿಸುತ್ತಿದ್ದರಂತೆ. ಮುಂದಿನ ದಶಕಗಳಲ್ಲಿ, ಟಿಕೇಟಿಗೆ ಹಣವಿಲ್ಲದವರು ಕೋಟೆಯ ಇಳಿಜಾರು ದಿಣ್ಣೆಯ ಮೇಲೆ ನಿಂತು, ರಟ್ಟಿನ ಕೊಳವೆಯಲ್ಲಿ ಕನ್ನಡಿಯ ಚೂರುಗಳನ್ನು ಕೂಡಿಸಿದ ಪೆರಿಸ್ಕೋಪಿನಿಂದ ಮುಂದಿನವರ ತಲೆಗಳ ಮೇಲಿಂದ ಆಟವನ್ನು ನೋಡುತ್ತಿದ್ದರು. ಭರತನು ವಿಧಿಸಿದ ಸೋಪಾನಾಕಾರದ ಆಸನಗಳು, ಅಂದರೆ ಹಿಂದಿನ ಸಾಲು ಮುಂದಿನದಕ್ಕಿಂತ ಮೊಳದಷ್ಟು ಎತ್ತರವಾಗಿರತಕ್ಕವು, ಇಲ್ಲದ ಕೊರತೆಯನ್ನು ಈ ಬಡವರು ತಮ್ಮ ಬುದ್ಧಿಯಿಂದ ತುಂಬಿಕೊಂಡರು. ನನಗೆ ಈ ರಟ್ಟಿನ ಕೊಳವೆಯ ಮೇಲೆ ವಿಶೇಷ ಗೌರವವಿದೆ.

ಇಲ್ಲಿ ಒಂದು ಪೂರ್ವಪಕ್ಷವನ್ನು ಹೇಳಬಹುದು: ಆಟದ ಬಯಲು ಊರಿನ ನಡುವೆ ಇದ್ದರೆ ಸಾಕು, ಕಟ್ಟಡವಿಲ್ಲದಿದ್ದರೇನು? ಕಚೇರಿ ಬಿಟ್ಟವನು ನಡೆದು ಬಯಲಿಗೆ ಹೋಗಿ, ಆಟ ನೋಡಿ, ದೀಪ ಹಚ್ಚುವ ವೇಳೆಗೆ ಮನೆ ಸೇರಬಹುದು. ಈಸ್ಟ್ ಬೆಂಗಾಲ್ ಗೆದ್ದ ದಿನ ಪೇಟೆಯಲ್ಲಿ ಇಲಿಷ್ ಮೀನಿಗೂ, ಮೋಹನ್ ಬಾಗಾನ್ ಗೆದ್ದ ದಿನ ಸೀಗಡಿಗೂ ಗಿರಾಕಿಗಳು ಹೆಚ್ಚುವುದೆಂಬ ಪ್ರತೀತಿಯು, ಆಟದ ಬಯಲಿಗೂ ಅಡಿಗೆಮನೆಗೂ ಇದ್ದ ಸಾಮೀಪ್ಯವನ್ನು ತೋರಿಸುತ್ತದೆ. (ಈ ಎರಡು ಭೋಜ್ಯಗಳ ವಿಷಯದಲ್ಲಿ ನನಗೆ ಸ್ವಾನುಭವವಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.) ಈ ಪಕ್ಷದಲ್ಲಿ ಸತ್ಯಾಂಶವಿದೆ. ಆದರೆ 1980ನೆಯ ಆಗಸ್ಟ್ 16ರಂದು ಅದಕ್ಕೆ ಘೋರವಾದ ಉತ್ತರ ದೊರೆಯಿತು. ಈ ಎರಡು ಸಂಘಗಳ ಲೀಗ್ ಪಂದ್ಯವನ್ನು, ದೊಡ್ಡ ರಂಗವು ಬೇರೆ ಇಲ್ಲದ ಕಾರಣ, ಕ್ರಿಕೆಟಿಗಾಗಿ ಏರ್ಪಟ್ಟ ಈಡನ್ ಗಾರ್ಡನ್ಸ್‌ನಲ್ಲಿ ಆಡಿಸಿದರು. ಎರಡು ಪಕ್ಷದ ಅಭಿಮಾನಿಗಳೂ ಒಂದೇ ಅಂತಸ್ತಿನಲ್ಲಿ ಬೆರೆತು ಕುಳಿತಿದ್ದರು. ಆಟಗಾರರಿಬ್ಬರ ನಡುವಣ ಘರ್ಷಣೆಯು ಪ್ರೇಕ್ಷಕರಿಗೆ ಹಬ್ಬಿ, ಹೊಡೆದಾಟ ನೂಕುನುಗ್ಗಲುಗಳಲ್ಲಿ 16 ಮಂದಿ ಪ್ರಾಣ ಕಳೆದುಕೊಂಡರು. ಬೇರೊಂದು ಪ್ರಯೋಜನಕ್ಕಾಗಿ ಕಟ್ಟಿದ ರಂಗದಲ್ಲಿ ಈ ಜನಸ್ತೋಮವನ್ನು ಹಿಡಿಸಲಾಗದೆಂಬುದು ಅಂದು ಸ್ಪಷ್ಟವಾಯಿತು.

ಈ ದುರಂತದ ಮೂರುವರೆ ವರ್ಷಗಳ ಮೇಲೆ, 1984ರ ಜನವರಿಯಲ್ಲಿ, ನೆಹರೂ ಕಪ್ ಪಂದ್ಯಾವಳಿಯೊಂದಿಗೆ ಸಾಲ್ಟ್ ಲೇಕ್ ಕ್ರೀಡಾಂಗಣವು ತೆರೆಯಿತು. ಅದರ ಪೂರ್ಣನಾಮ ವಿವೇಕಾನಂದ ಯುವಭಾರತಿ ಕ್ರೀಡಾಂಗಣ. ಹೆಸರೇ ಹೇಳುವಂತೆ ಅದು ಉಪ್ಪುನೀರಿನ ಜವುಗಿನ ಪ್ರದೇಶ. ಕಲ್ಕತ್ತೆಯ ಪೂರ್ವಕ್ಕಿರುವ ಆ ಜವುಗಿನಲ್ಲಿ ಭೇರಿಗಳೆಂಬ ಮೀನುಸಾಕಣೆಯ ಕೊಳಗಳಿದ್ದುವು. ಮುಖ್ಯಮಂತ್ರಿ ಬಿಧಾನಚಂದ್ರ ರಾಯರ ಸಂಕಲ್ಪದಂತೆ 1960ರ ದಶಕದಲ್ಲಿ ಹೂಗ್ಲಿ ನದಿಯ ಹೂಳನ್ನು ತಂದು ತುಂಬಿ ಅಲ್ಲಿ ಹೊಸ ಪಟ್ಟಣವನ್ನು ಎಬ್ಬಿಸಿದರು. ಸರಕಾರದ ಕೈಯಲ್ಲಿ ವಿಶಾಲವಾದ, ಖಾಲಿಯಾದ ನೆಲವು ಅಲ್ಲಿ ಮಾತ್ರ ಇತ್ತು. ಆದುದರಿಂದ ಕ್ರೀಡಾಂಗಣವೂ ಅಲ್ಲಿಗೆ ಹೋಯಿತು. ಮೀನುಗಾರರ ಬದುಕು ಎಲ್ಲಿಗೆ ಹೋಯಿತೆಂಬುದನ್ನು ಆಟದ ಚರಿತ್ರೆಕಾರರು ಬರೆಯುವುದಿಲ್ಲ.

ಆ ರಂಗದ ಗಾತ್ರವು ಅದ್ಭುತವಾದದ್ದು. 1997ನೆಯ ಜುಲೈ 13ರಂದು ಫೆಡರೇಷನ್ ಕಪ್ಪಿನ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ತಂಡವು ಮೋಹನ್ ಬಾಗಾನನ್ನು 4-1ರಿಂದ ಸೋಲಿಸಿದಾಗ 1,31,000ಕ್ಕೆ ಮೀರಿದ ಜನರು ನೋಡಿದರು. ಭೈಚುಂಗ್ ಭುಟಿಯಾ ಅಂದು ಮೂರು ಗೋಲುಗಳನ್ನು ಹೊಡೆದನು. ಸಂಖ್ಯೆಯನ್ನು ನೋಡಿ ಹಿಗ್ಗುವ ಮೊದಲು ಭರತನ ಇನ್ನೊಂದು ಮಾತನ್ನು ಜ್ಞಾಪಿಸಿಕೊಳ್ಳಬೇಕು. ಜ್ಯೇಷ್ಠ, ಮಧ್ಯಮ, ಅವರವೆಂಬ ಮೂರು ಪ್ರಮಾಣಗಳಲ್ಲಿ ಜ್ಯೇಷ್ಠವು 108 ಮೊಳ, ಮಧ್ಯಮವು 64, ಅವರವು 32. ಮನುಷ್ಯರಿಗೆ ಮಧ್ಯಮವೇ ಪ್ರಶಸ್ತ. ಅದಕ್ಕಿಂತ ಹೆಚ್ಚಾದರೆ ನಟನ ವಾಕ್ಯವು ಕೇಳಿಸದು, ಮುಖದ ಭಾವವು ಕಾಣಿಸದು ಎಂಬುದು ಅವನು ಕೊಡುವ ಕಾರಣ. ಕಾಲ್ಚೆಂಡಾಟದ ಬಯಲೇ 105 ಮೀಟರು ಉದ್ದವಿರುವಾಗ 64 ಮೊಳದ ವಿಧಿಯು ಇಲ್ಲಿ ಅನ್ವಯಿಸದೆಂಬುದು ನಿಜ. ಕಾರಣವು ಮಾತ್ರ ಅನ್ವಯಿಸುತ್ತದೆ. ಸಾಲ್ಟ್ ಲೇಕಿನಲ್ಲಿ ಆಟದ ಬಯಲಿಗೂ ಆಸನಗಳಿಗೂ ನಡುವೆ ಓಟಗಾರರ ಪಥವು ಸುತ್ತುವರಿದಿದೆ. ಎಂಟು ಓಣಿಗಳ ಅಗಲವೇ ಸುಮಾರು 10 ಮೀಟರು. ಗೋಲುಗಂಬದ ಹಿಂದೆ ಪಥವು ಬಾಗುವುದರಿಂದ ದೂರವು ಇನ್ನೂ ಹೆಚ್ಚು. ಮೈದಾನದಲ್ಲಿ ಮರದ ಗ್ಯಾಲರಿಯ ಮೇಲೆ ಕುಳಿತವನು ಆಟಗಾರನ ಉಸಿರನ್ನು ಕೇಳುತ್ತಿದ್ದನು. ಇಲ್ಲಿಯವನು ಅಂಗಿಯ ಬಣ್ಣದಿಂದ ಅವನನ್ನು ಗುರುತಿಸಬೇಕು. 2017ರಲ್ಲಿ ಹದಿನೇಳು ವರ್ಷಕ್ಕೆ ಕಡಮೆ ವಯಸ್ಸಿನವರ ವಿಶ್ವಕಪ್ ಪಂದ್ಯಗಳಿಗಾಗಿ ರಂಗವನ್ನು ನವೀಕರಿಸಿದಾಗ ಆಸನಗಳ ಸಂಖ್ಯೆಯನ್ನು ಬಹಳವಾಗಿ ಇಳಿಸಿದರು. ಇಂಗ್ಲೆಂಡು ಸ್ಪೆಯಿನನ್ನು 5-2ರಿಂದ ಸೋಲಿಸಿದ ಅಂತಿಮ ಪಂದ್ಯವನ್ನು ನೋಡಿದವರು ಸುಮಾರು 66,000 ಮಂದಿ. ಓಟದ ಪಥವು ಉಳಿದೇ ಉಳಿಯಿತು.

ದಾರಿಯ ವಿಷಯವನ್ನೂ ಹೇಳಬೇಕು. ಕ್ರೀಡಾಂಗಣವು ತೆರೆದದ್ದು 1984ರಲ್ಲಿ. ಅದರ ಹೆಸರಿನ ಮೆಟ್ರೋ ನಿಲ್ದಾಣವು ತೆರೆದದ್ದು 2020ರ ಫೆಬ್ರವರಿಯಲ್ಲಿ. ಆ ಮಾರ್ಗವು ಮೈದಾನದ ಅಂಚಿನ ಎಸ್ಪ್ಲನೇಡಿಗೂ ನದಿಯಾಚೆಯ ಹೌರಾಕ್ಕೂ ಅವಿಚ್ಛಿನ್ನವಾಗಿ ಕೂಡಿಕೊಂಡದ್ದು 2025ರ ಆಗಸ್ಟಿನಲ್ಲಿ. ರಂಗವು ಮೊದಲು, ದಾರಿಯು ನಲವತ್ತು ವರ್ಷಗಳ ತರುವಾಯ! ಈ ನಡುವಣ ಒಂದು ತಲೆಮಾರಿನ ಪ್ರೇಕ್ಷಕರು ಲಾರಿಗಳ ಮೇಲೆಯೂ ಬಸ್ಸುಗಳ ಮೇಲೆಯೂ ನೇತಾಡಿಕೊಂಡು ಹೋಗಿ ಬಂದರು.

ಇನ್ನು ಬೆಂಗಳೂರು. ದಂಡುಪ್ರದೇಶದ ಸೋಲ್ಜರುಗಳಿಂದ ಈ ಆಟವನ್ನು ಕಲಿತ ಊರಿದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಆ ಕಪ್ಪು ಭಾರತೀಯರ ತಂಡವೊಂದಕ್ಕೆ ದೊರೆತದ್ದು ಅದೇ ಮೊದಲು. ಈಗ ಇಲ್ಲಿಯ ಮುಖ್ಯ ರಂಗವಾದ ಶ್ರೀ ಕಂಠೀರವ ಕ್ರೀಡಾಂಗಣವು ಸಂಪಂಗಿ ಕೆರೆಯ ಅಂಗಳದ ಮೇಲೆ ನಿಂತಿದೆ. ಪೇಟೆಗೂ ದಂಡಿಗೂ ನಡುವೆ ಇದ್ದ ಈ ಕೆರೆಯ ನೀರಿನಿಂದ ತಿಗಳರ ತೋಟಗಳು ಬದುಕುತ್ತಿದ್ದುವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದ ಮೇಲೆ ಕೆರೆಯ ಮೇಲಣ ಅಕ್ಕರೆಯು ಪಟ್ಟಣಕ್ಕೆ ತಗ್ಗಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅದು ಬರಿದಾಗಿ ಬಯಲಾಯಿತು. ಆದರೆ ಕೆರೆಯು ಪೂರ್ತಿಯಾಗಿ ಅಳಿಯಲಿಲ್ಲ. ಧರ್ಮರಾಯಸ್ವಾಮಿಯ ಕರಗದ ಉತ್ಸವದಲ್ಲಿ ಹಸಿ ಕರಗದ ವಿಧಿಗೆ ಸಂಪಂಗಿ ಕೆರೆಯೇ ಬೇಕಾದುದರಿಂದ, ಕ್ರೀಡಾಂಗಣದ ಮಗ್ಗುಲಲ್ಲಿ ಒಂದು ಸಣ್ಣ ಕೊಳವನ್ನು ಉಳಿಸಿದ್ದಾರೆ. ಪಟ್ಟಣವು ಒಡೆಯರಿಲ್ಲವೆಂದುಕೊಂಡ ನೆಲಕ್ಕೆ ಒಡೆಯರಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಶಾಸನ ಬೇಕೆ? ಅಕ್ಕಿತಿಮ್ಮನಹಳ್ಳಿಯ ಕೆರೆಯ ಮೇಲೆ ಹಾಕಿಯ ರಂಗವು ಎದ್ದದ್ದೂ ಇದೇ ರೀತಿಯಾಗಿ.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್. ಸಿ. ತಂಡವು ಮೊದಲ ವರ್ಷ ಅಶೋಕನಗರದ ಹಳೆಯ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಆಡಿ, ಅನಂತರ ಕಂಠೀರವಕ್ಕೆ ಬಂದಿತು. ಹಳೆಯ ರಂಗದ ಪಶ್ಚಿಮದ ಕಟ್ಟೆಯಲ್ಲಿ ಕುಳಿತು ಹಾಡುತ್ತಿದ್ದ ಅಭಿಮಾನಿಗಳ ಗುಂಪು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಹೆಸರನ್ನು ಹೊಸ ರಂಗಕ್ಕೂ ಹೊತ್ತು ತಂದಿತು. ವಲಸೆ ಬಂದ ಕುಲದವರು ಮೂಲಗ್ರಾಮದ ಹೆಸರನ್ನು ಮನೆತನದ ಹೆಸರಾಗಿ ಉಳಿಸಿಕೊಳ್ಳುವಂತೆಯೇ ಇದೂ. ನನ್ನ ಶಿಷ್ಯನೊಬ್ಬನ ನಿರ್ಬಂಧದಿಂದ ನಾನೂ ಒಂದು ಸಂಜೆ ಅಲ್ಲಿಗೆ ಹೋಗಿದ್ದೆನು. ಹಾಡು, ಮೃದಂಗದ ಸ್ಥಾನದಲ್ಲಿ ದೊಡ್ಡ ಡೋಲು, ಏಕಕಾಲದ ಚಪ್ಪಾಳೆ, ಎಲ್ಲವೂ ರಸಪೋಷಕವಾಗಿಯೇ ಇದ್ದುವು. ಆಟಗಾರರು ಮಾತ್ರ ಓಟದ ಪಥದಾಚೆ ಬಹುದೂರದಲ್ಲಿದ್ದರು. ಭರತನ ಮಾತು ನನಗೆ ಆ ಸಂಜೆ ಅರ್ಥವಾಯಿತು; ಅದಕ್ಕೆ ಮುಂಚೆ ಪಾಠ ಹೇಳಿದ್ದೆನು, ಅಷ್ಟೆ.

ಕೆರೆಯ ಮೇಲೆ ರಂಗವನ್ನು ಕಟ್ಟಿದವರಲ್ಲಿ ನಾವೇ ಮೊದಲಿಗರಲ್ಲ. ರೋಮಿನ ಕೊಲೋಸಿಯಂ ನಿಂತಿರುವುದು ನೀರೋ ಚಕ್ರವರ್ತಿಯ ವಿಲಾಸದ ಕೃತಕ ಸರೋವರದ ಎಡೆಯಲ್ಲಿ. ವೆಸ್ಪಾಸಿಯನನು ಅದನ್ನು ಬತ್ತಿಸಿ ಕಟ್ಟಲಾರಂಭಿಸಿದನು. ಅವನ ಮಗನಾದ ಟೈಟಸನು ಕ್ರಿ. ಶ. 80ರಲ್ಲಿ ತೆರೆದನು. ಆದರೆ ಅಲ್ಲಿ ಎರಡು ಭೇದಗಳನ್ನು ಗಮನಿಸಬೇಕು. ಆ ಸರೋವರವು ತೋಟಗಾರರದಲ್ಲ, ಅರಸನ ಸ್ವಂತದ್ದು; ಅದು ಊರ ನಡುವೆ ಇದ್ದದ್ದು. ಎರಡನೆಯದಾಗಿ, 80 ಬಾಗಿಲುಗಳಿದ್ದುವು. ಸಾಮಾನ್ಯ ಜನರ 76 ಬಾಗಿಲುಗಳ ಕಮಾನಿನ ಮೇಲೆ ಅಂಕೆಗಳನ್ನು ಕೊರೆದಿದ್ದರು, ಕೆಲವು ಇಂದಿಗೂ ಕಾಣುತ್ತವೆ. ಭರತನೂ ಜನಪ್ರವೇಶಕ್ಕೆ ಪ್ರತ್ಯೇಕವಾದ ದ್ವಾರವನ್ನು ವಿಧಿಸಿರುವನು. ದ್ವಾರದ ವಿಚಾರವು ಅಲ್ಪವೆಂದು ಭಾವಿಸಬಾರದು. 2025ನೆಯ ಜೂನ್ 4ರಂದು, ಆಟವಿಲ್ಲದ ದಿನ, ವಿಜಯೋತ್ಸವವನ್ನು ನೋಡಬಂದ ಜನರಲ್ಲಿ 11 ಮಂದಿ ಬೆಂಗಳೂರಿನ ಚಿನ್ನಸ್ವಾಮಿ ಕ್ರಿಕೆಟ್ ಕ್ರೀಡಾಂಗಣದ ಬಾಗಿಲುಗಳ ಬಳಿಯಲ್ಲಿ ತುಳಿತಕ್ಕೆ ಸಿಕ್ಕಿ ಸತ್ತರು. ಅವರು ರಂಗದೊಳಗೆ ಕಾಲಿಡಲೇ ಇಲ್ಲ.

ಇದಾದ ಎರಡು ತಿಂಗಳಿಗೆ, ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 80,000 ಪ್ರೇಕ್ಷಕರಿಗಾಗುವ ಕ್ರೀಡಾಸಂಕೀರ್ಣದ ಪ್ರಸ್ತಾವವು ಸರಕಾರದ ಮುಂದೆ ಬಂದಿತು. ಅದು ಕ್ರಿಕೆಟಿಗೆ ಸಂಬಂಧಪಟ್ಟದ್ದಾದರೂ ಸ್ಥಲನಿರ್ಣಯದ ಪ್ರಶ್ನೆಯು ಕಾಲ್ಚೆಂಡಾಟದ್ದೇ. ದುರ್ಘಟನೆಯಾದ ಮೇಲೆ ಊರ ಹೊರಗಿನ ವಿಶಾಲವಾದ ನೆಲವನ್ನು ನೋಡುವುದು 1980ರ ಅನಂತರ ಕಲ್ಕತ್ತೆಯು ನಡೆದ ಹಾದಿಯೇ ಆಗಿದೆ. ಆನೇಕಲ್ ಸೀಮೆಯು ಕೆರೆಕುಂಟೆಗಳ ಸೀಮೆ. ಆ ಪ್ರದೇಶದ ಪೂರ್ವವೃತ್ತಾಂತವನ್ನು, ಅಂದರೆ ಹಳೆಯ ಕಂದಾಯದ ದಫ್ತರಗಳಲ್ಲಿ ಕಾಣುವ ಕೆರೆ, ಕಾಲುವೆ, ಗೋಮಾಳಗಳ ಹೆಸರುಗಳನ್ನೂ, ಗ್ರಾಮದೇವತೆಗಳ ಉತ್ಸವಗಳು ಹಾದುಹೋಗುವ ದಾರಿಗಳನ್ನೂ, ಅಳತೆಯ ದಾರವು ಬೀಳುವುದಕ್ಕೆ ಮುಂಚೆಯೇ ಸಂಗ್ರಹಿಸಬೇಕಾಗಿದೆ. ಈ ಪತ್ರಿಕೆಯ ವಾಚಕರಲ್ಲಿ ಆ ಪ್ರಾಂತದವರಾದ ವಿದ್ವಾಂಸರು ತಮಗೆ ತಿಳಿದದ್ದನ್ನು ಬರೆದು ಕಳುಹಿಸಿದರೆ ಉಪಕೃತನಾಗುವೆನು. ಸಂಪಂಗಿ ಕೆರೆಯ ತೋಟಗಳ ವಿಷಯವಾಗಿ ನಾನು ಕೂಡಿಸಿರುವ ಟಿಪ್ಪಣಿಗಳನ್ನು ಮುಂದಿನ ಸಂಚಿಕೆಯೊಂದರಲ್ಲಿ ಪ್ರಕಟಿಸುವ ಇಚ್ಛೆಯಿದೆ.