ಮರುಕಕ್ಕೂ ಅರ್ಹತೆ ಕೇಳುವ ಸಮಾಜ

ತಾವಾಗಿ ಸಾವು ತಂದುಕೊಂಡವರ ಬಗ್ಗೆ ಮರುಕ ತೋರಿಸಬಾರದು ಎಂಬ ಮಾತು ಈಚೆಗೆ ಓದಿದವರ ಬಾಯಲ್ಲೂ ಕೇಳಿಬರುತ್ತಿದೆ. ಸತ್ತವರಿಗೆ ಅಯ್ಯೋ ಅಂದರೆ ಇನ್ನು ನಾಲ್ಕು ಜನ ಅದೇ ದಾರಿ ಹಿಡಿಯುತ್ತಾರೆ ಎಂಬುದು ಅವರ ವಾದ. ಗಂಡನ ಚಿತೆಯೇರಿದ ಹೆಂಗಸರ ನೆನಪಿಗೆ ನಿಲ್ಲಿಸಿದ ಹಂಪಿ ಸೀಮೆಯ ಮಾಸ್ತಿಕಲ್ಲುಗಳ ಮುಂದೆ ನಿಂತು ‘ಎಂಥಾ ತ್ಯಾಗ’ ಎಂದು ಪ್ರವಾಸಿಗರಿಗೆ ಬಣ್ಣಿಸುವವರೂ ಎಷ್ಟೋ ಸಲ ಇವರೇ. ಹಳೆಯ ಸಾವಿಗೆ ಪೂಜೆ, ಇವತ್ತಿನ ಸಾವಿಗೆ ಛೀಮಾರಿ. ಈ ಎರಡರ ನಡುವೆ ಕನ್ನಡನಾಡಿನ ವಿದ್ವಾಂಸರು, ವೈದ್ಯರು, ಸಮಾಜಶಾಸ್ತ್ರಜ್ಞರು ಮಾಡಿದ ಕೆಲಸ ಮರೆತೇ ಹೋಗಿದೆ. ಸ್ಮಾರಕಶಿಲೆಗಳ ಓದಿನಿಂದ ಶುರುಮಾಡಿ ರೈತರ ಮನೆಬಾಗಿಲಿಗೆ ಬಂದು ನಿಂತ ನನ್ನಂಥವನಿಗೆ ಅದನ್ನು ನೆನಪಿಸುವುದು ಅಗತ್ಯವೆನಿಸಿದೆ.

ಮೊದಲ ಘಟ್ಟ ಶಾಸನಗಳದ್ದು. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಮಾಸ್ತಿಕಲ್ಲು, ಜೈನರ ಮರಣಸ್ಮಾರಕವಾದ ನಿಸಿಧಿ, ಆತ್ಮಬಲಿಯ ಶಾಸನಗಳನ್ನು ಕಲೆಹಾಕಿದರು. 1966ರಲ್ಲಿ ಬಂದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಎಂ. ಚಿದಾನಂದಮೂರ್ತಿ ಅವುಗಳ ಹಿಂದಿನ ಸಮಾಜವನ್ನು ಬಿಡಿಸಿಟ್ಟರು. ಮುಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದ ಎಂ.ಎಂ. ಕಲಬುರ್ಗಿಯವರು ಸಮಾಧಿ, ಬಲಿದಾನ, ವೀರಮರಣಗಳ ಸ್ಮಾರಕಗಳನ್ನು ವಿಂಗಡಿಸಿದರು. ಷ. ಶೆಟ್ಟರ್ ಅವರ ‘ಇನ್ವೈಟಿಂಗ್ ಡೆತ್’ (1989), ‘ಪರ್ಸ್ಯೂಯಿಂಗ್ ಡೆತ್’ (1990) ಶ್ರವಣಬೆಳಗೊಳದ, ಉಪವಾಸವಿದ್ದು ದೇಹ ಬಿಡುವ ಸಲ್ಲೇಖನ ಪರಂಪರೆಗೆ ಮೀಸಲಾದವು. ಜೈನರು ವ್ರತವೆಂದು ಕಾಣುವ ಸಲ್ಲೇಖನವನ್ನು ಉಳಿದ ಸಾವುಗಳ ಜತೆ ಕಲಸುವುದು ಸರಿಯಲ್ಲ. ಆದರೆ ಸಾಯುವವರ ಮನಸ್ಸಿನ ಬಗ್ಗೆ ಇಷ್ಟು ತಾಳ್ಮೆಯಿಂದ ಬರೆಯಬಹುದು ಎಂದು ನಮ್ಮ ತಲೆಮಾರಿಗೆ ತೋರಿಸಿದವರು ಶೆಟ್ಟರ್.

ಈ ಘಟ್ಟದ ಓದಿನಲ್ಲಿ ಒಂದು ಕೊರತೆ ಉಳಿಯಿತು. ಶಿಲೆ ಯಾವ ಬಗೆಯದು ಎಂಬ ವಿಂಗಡಣೆಯಲ್ಲಿ, ಆ ಸಾವನ್ನು ತಡೆಯಲು ಹೋದವರು ಕಣ್ಣಿಗೆ ಬೀಳಲಿಲ್ಲ. 1057ರ ಬೆಳತೂರು ಶಾಸನವನ್ನೇ ನೋಡಿ. ಗಂಡ ಸತ್ತ ಸುದ್ದಿ ಕೇಳಿ ಚಿತೆಗೆ ಹೊರಟ ದೇಕಬ್ಬೆಯನ್ನು ಹೆತ್ತವರು, ಬಂಧುಗಳು ಬೇಡವೆಂದು ಅಂಗಲಾಚುತ್ತಾರೆ. ಅವಳನ್ನು ಹೊಗಳಲೆಂದೇ ಬರೆಸಿದ ಶಾಸನದೊಳಗೂ ಆ ಮೊರೆ ಸೇರಿಕೊಂಡಿದೆ. ಊರೆಲ್ಲ ಸೇರಿ ಸಂಭ್ರಮಿಸಿತು ಎಂದು ಇಂದು ಹೇಳುವವರು ಈ ಸಾಲುಗಳನ್ನು ಹಾರಿಸಿಬಿಡುತ್ತಾರೆ.

ಪ್ರವಾಸಿಗಳ ಬರಹಗಳದ್ದು ಇನ್ನೊಂದು ಕವಲು. 1327ರಲ್ಲಿ ದೆಹಲಿಯ ಸೇನೆ ಮುತ್ತಿದಾಗ ಕಂಪಿಲಿಯ ದೊರೆ ಕಂಪಿಲರಾಯನ ಮನೆಯ ಹೆಂಗಸರು ಬೆಂಕಿಗೆ ಬಿದ್ದದ್ದನ್ನು ಇಬ್ನ್ ಬತೂತ ದಾಖಲಿಸಿದ. ನಮ್ಮ ಭಾಗದಲ್ಲಿ ಅದು ಅವನ ಮಗ ಕುಮಾರರಾಮನ ಕಥೆಯೊಂದಿಗೆ ಬೆರೆತು ಅಭಿಮಾನದ ವಿಷಯವಾಗಿ ಉಳಿದಿದೆ. ಆ ಹೆಂಗಸರಲ್ಲಿ ಎಷ್ಟು ಜನಕ್ಕೆ ಬೇರೆ ದಾರಿ ಇತ್ತು ಎಂದು ಯಾರೂ ಕೇಳಿದಂತಿಲ್ಲ. ಅಂಥ ಪ್ರಶ್ನೆಯನ್ನು ಮುಂದೆ ಇನ್ನೊಬ್ಬಳ ಎದುರು ಕೇಳಿದವನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ. 1623ರ ನವೆಂಬರಿನಲ್ಲಿ ಇಕ್ಕೇರಿಯ ಬೀದಿಯಲ್ಲಿ, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದು ಕುದುರೆಯ ಮೇಲೆ ಹೋಗುತ್ತಿದ್ದ ವಿಧವೆಯೊಬ್ಬಳನ್ನು ಕಂಡ. ಕೆಲವು ದಿನಗಳಲ್ಲಿ ಅವಳ ಮನೆಗೇ ಹೋಗಿ, ದುಭಾಷಿಯ ಮೂಲಕ ಮಾತಾಡಿಸಿದ. ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದ, ಮಕ್ಕಳ ಗತಿಯೇನು ಎಂದ, ಮನಸ್ಸು ಬದಲಿಸಲು ನೋಡಿದ. ಅವನ ಮಾತು ಗೆಲ್ಲಲಿಲ್ಲ. ಆದರೂ ಅವಳನ್ನು ದೇವಿಯಾಗಿಯೂ ಮೂಢಳಾಗಿಯೂ ನೋಡದೆ, ಎದುರು ಕೂತು ಮಾತಾಡಬಹುದಾದ ಹೆಣ್ಣುಮಗಳಾಗಿ ಕಂಡ. ಈ ಕ್ಷೇತ್ರದಲ್ಲಿ ನಾನು ಓದಿದ ಅತ್ಯಂತ ಮನುಷ್ಯತ್ವದ ಪುಟಗಳಲ್ಲಿ ಅವೂ ಸೇರಿವೆ.

ನಂತರದ ಘಟ್ಟ ಕಾನೂನಿನದು. ಬ್ರಿಟಿಷರು 1829ರಲ್ಲಿ ಸತಿಯನ್ನು ನಿಷೇಧಿಸಿದರು. 1860ರ ದಂಡಸಂಹಿತೆಯ 309ನೇ ಕಲಂ ಸಾಯಲು ಯತ್ನಿಸಿ ಬದುಕುಳಿದವರನ್ನು ಅಪರಾಧಿಯಾಗಿಸಿತು. ಇದರ ಫಲ ಇವತ್ತಿಗೂ ಕಾಣುತ್ತದೆ: ಆಸ್ಪತ್ರೆಗೆ ಒಯ್ಯುವ ಮನೆಯವರು ಪೊಲೀಸ್ ಕೇಸಿಗೆ ಹೆದರಿ ಸುಳ್ಳು ಕಾರಣ ಹೇಳುತ್ತಾರೆ. 1897ರಲ್ಲಿ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ ಇಂಥ ಸಾವುಗಳ ಬೇರು ಸಮಾಜದಲ್ಲಿದೆ ಎಂದು ವಾದಿಸಿದ್ದು ನಮ್ಮ ತರಗತಿಗಳಿಗೆ ಬಹಳ ತಡವಾಗಿ ಬಂತು.

ವೈದ್ಯಕೀಯದ ಘಟ್ಟಕ್ಕೆ ಕೇಂದ್ರ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್. 2001ರಲ್ಲಿ ಅಲ್ಲಿನ ಜಿ. ಗುರುರಾಜ್ ಮತ್ತು ಎಂ.ಕೆ. ಐಸಾಕ್ ಇಂಥ ಸಾವುಗಳನ್ನು ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಗಿ ಮುಂದಿಟ್ಟರು. ‘ಹೇಡಿತನ’ ಎಂಬ ತೀರ್ಪಿನ ಜಾಗದಲ್ಲಿ ಕಾಯಿಲೆ, ಕುಡಿತ, ಮನೆಯ ಹಿಂಸೆ, ಸಾಲ ಎಂಬ ಕಾರಣಗಳು ಬಂದದ್ದು ದೊಡ್ಡ ಉಪಕಾರ. ಆದರೆ ಖಿನ್ನತೆಗೆ ಮಾತ್ರೆ ಕೊಡಬಹುದು, ಕೈಕೊಟ್ಟ ಬೆಳೆಗೆ ಕೊಡಲಾಗದು.

ಆ ಮಾತಿಗೆ ಬಲ ಬಂದದ್ದು 1998ರ ಸುಮಾರಿಗೆ, ಬೀದರ್‌ನಲ್ಲಿ ತೊಗರಿ ಕೈಕೊಟ್ಟು ರೈತರು ಸತ್ತಾಗ. ಸಮಾಜ ಮಾನವಶಾಸ್ತ್ರಜ್ಞೆ ಎ.ಆರ್. ವಾಸವಿ 1999ರಲ್ಲೇ ಅಲ್ಲಿಂದ ಬರೆದರು. 2002ರಲ್ಲಿ ಸರ್ಕಾರ ನೇಮಿಸಿದ ಜಿ.ಕೆ. ವೀರೇಶ್ ಸಮಿತಿಯ ವರದಿ ಬಂತು; ವ್ಯಕ್ತಿಯ ಮತ್ತು ಮನೆಯೊಳಗಿನ ಕಾರಣಗಳಿಗೆ ಅದು ಕೊಟ್ಟ ತೂಕ, ಬೇಸಾಯದ ಬಿಕ್ಕಟ್ಟನ್ನು ಮರೆಸುತ್ತದೆ ಎಂಬ ಟೀಕೆಗೆ ಗುರಿಯಾಯಿತು. ಅದೇ ವರ್ಷ ಅರ್ಥಶಾಸ್ತ್ರಜ್ಞ ಆರ್.ಎಸ್. ದೇಶಪಾಂಡೆ ಒಂದೇ ಕಾರಣ ಹುಡುಕುವುದೇ ತಪ್ಪು, ಒತ್ತಡಗಳು ಒಂದರ ಮೇಲೊಂದು ಪೇರುತ್ತವೆ ಎಂದು ತೋರಿಸಿದರು. ವಾಸವಿಯವರ ‘ಶ್ಯಾಡೋ ಸ್ಪೇಸ್’ (2012) ನನ್ನ ಮಟ್ಟಿಗೆ ಈ ಕ್ಷೇತ್ರದ ಮುಖ್ಯ ಕೃತಿ. ಬೀಜ, ಗೊಬ್ಬರ, ಸಾಲ, ಮಾರುಕಟ್ಟೆಯ ತೀರ್ಮಾನವೆಲ್ಲ ಒಂಟಿ ರೈತನ ತಲೆಗೆ ಬಂದು, ಸೋಲೂ ಅವನೊಬ್ಬನ ಅವಮಾನವಾಗುವ ಸ್ಥಿತಿಯನ್ನು ಅದು ಬಿಡಿಸಿ ಹೇಳುತ್ತದೆ. ಸತ್ತವನ ಮನಸ್ಸನ್ನೂ ಮಾರುಕಟ್ಟೆಯನ್ನೂ ಒಟ್ಟಿಗೆ ಹಿಡಿದ ಬರಹ ಅದಕ್ಕೆ ಮೊದಲು ನಮ್ಮಲ್ಲಿರಲಿಲ್ಲ.

ಈ ಬರಹಗಳ ಒತ್ತಡದಿಂದ ರೈತನ ಸಾವಿಗೆ ಮರುಕ ಸಿಕ್ಕಿತು, ಪರಿಹಾರವೂ ಸಿಕ್ಕಿತು. 2015ರಲ್ಲಿ ರಾಜ್ಯ ಸರ್ಕಾರ ಪರಿಹಾರವನ್ನು 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಮರುಕ ಕಡತದೊಳಗೆ ಹೋದಕೂಡಲೇ ಅರ್ಹತೆ ಕೇಳತೊಡಗಿತು: ಪಹಣಿ, ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಬ್ಯಾಂಕ್ ಅಥವಾ ಸೊಸೈಟಿಯ ಸಾಲದ ಪತ್ರ. ಹಂಪಿ ಬಳಿಯ ಬುಕ್ಕಸಾಗರದ ಕಡೆ ಕಾಲುವೆ ನೀರಿನ ಬಾಳೆ, ಕಬ್ಬಿನ ಹೊಲಗಳಲ್ಲಿ ಗುತ್ತಿಗೆಗೆ ಮಾಡುವವರು ಬಹಳ. ಪಹಣಿಯಲ್ಲಿ ಅವರ ಹೆಸರಿರುವುದಿಲ್ಲ, ಸಾಲ ಕೈಗಡ ಇಲ್ಲವೇ ಫೈನಾನ್ಸಿನವರದು. ಅಂಥ ಮನೆಯ ಹೆಣ್ಣುಮಗಳೊಬ್ಬಳು, ಪ್ಲಾಸ್ಟಿಕ್ ಚೀಲದಿಂದ ಗಂಡನ ಆಧಾರ್ ಕಾರ್ಡು, ವಾರದ ಕಂತಿನ ಪುಸ್ತಕ ತೆಗೆದು ಚಾಪೆಯ ಮೇಲೆ ಹರವುತ್ತ ನನಗೆ ಹೇಳಿದ್ದು: “ನಮ್ಮನಿಯವ್ರು ರೈತ್ರೇ ಅಲ್ಲ ಅಂದ್ರು ಸರ್. ಹಂಗಾರ ಇಷ್ಟು ವರ್ಷ ಬಾಳಿತೋಟದಾಗ ಏನ್ ಮಾಡಿದ್ರು?”

ಕಾನೂನು ಹಿಂದೆ ಮುಂದೆ ತೂಗಾಡಿ ಕೊನೆಗೆ ದಾರಿಗೆ ಬಂತು. 309ನೇ ಕಲಮನ್ನು ಸುಪ್ರೀಂ ಕೋರ್ಟ್ 1994ರಲ್ಲಿ ಅಸಿಂಧುವೆಂದು ಹೇಳಿ, 1996ರಲ್ಲಿ ಆ ತೀರ್ಪನ್ನು ತಾನೇ ಬದಲಿಸಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ, ಸಾಯಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರ ಆರೈಕೆಯನ್ನು ಸರ್ಕಾರದ ಕರ್ತವ್ಯವಾಗಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309 ಇಲ್ಲ. 2022ರಿಂದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲೇ ಮನಸ್ಸಿನ ಸಂಕಟ ಹೇಳಿಕೊಳ್ಳಬಹುದು.

ಇನ್ನು, ಮರುಕ ತೋರಿಸಿದರೆ ಸಾವು ಹೆಚ್ಚುತ್ತದೆಯೇ? ಸುದ್ದಿಯ ಅಬ್ಬರದ ನಂತರ ಇಂಥ ಸಾವುಗಳು ಏರುವುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ 1974ರಲ್ಲಿ ತೋರಿಸಿದ್ದು ನಿಜ. ಆದರೆ ಸಂಕಟವನ್ನು ದಾಟಿ ಬದುಕಿದವರ ವರದಿಗಳು ರಕ್ಷಣೆಗೆ ಬರಬಲ್ಲವೆಂಬ ಸೂಚನೆ ನೀಡರ್‌ಕ್ರೋಟೆಂಥಾಲರ್ ಮತ್ತು ಸಂಗಡಿಗರ 2010ರ ಅಧ್ಯಯನದಲ್ಲಿದೆ. ನಮ್ಮ ಪತ್ರಿಕಾ ಮಂಡಳಿಯ 2019ರ ಮಾರ್ಗಸೂಚಿಯೂ ವೈಭವೀಕರಣ, ವಿಧಾನದ ವಿವರ ಬೇಡವೆನ್ನುತ್ತದೆ. ಸತ್ತವರನ್ನು ಮನುಷ್ಯರಂತೆ ಕಾಣಬೇಡಿ ಎಂದು ಎಲ್ಲಿಯೂ ಹೇಳಿಲ್ಲ. ಹಾನಿ ಮಾಡುವುದು ಸಾವಿನ ಆರಾಧನೆ. ಛೀಮಾರಿಯೂ ಕಡಿಮೆ ಹಾನಿ ಮಾಡುವುದಿಲ್ಲ. ‘ಹೇಡಿ’ ಎಂಬ ಮಾತು ಸತ್ತವನಿಗೆ ಕೇಳಿಸದು, ಪಕ್ಕದ ಮನೆಯಲ್ಲಿ ಅದೇ ಸಂಕಟ ನುಂಗಿಕೊಂಡು ಕೂತವನಿಗೆ ಕೇಳಿಸಿ, ಅವನು ಬಾಯಿ ಬಿಡದಂತೆ ಮಾಡುತ್ತದೆ.

ಉಳಿದ ಕೊರತೆಗಳು ದೊಡ್ಡವು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ಕರ್ನಾಟಕದಲ್ಲಿ 13,606 ಜನ ಹೀಗೆ ಸತ್ತರು. ಅವರಲ್ಲಿ ಕೃಷಿ ವಲಯದವರು 2,392. ಉಳಿದ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರ ಪರವಾಗಿ ಯಾವ ಸಮಿತಿ ಕೂತಿತು? ದೇಶದ ಲೆಕ್ಕದಲ್ಲಿ ನಾಲ್ವರಲ್ಲಿ ಒಬ್ಬರು ದಿನಗೂಲಿಯವರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಸಂಡೂರು, ಹೊಸಪೇಟೆಯ ಲಾರಿ ಡ್ರೈವರುಗಳು, ಕೂಲಿಗಳು ಏಕಾಏಕಿ ಕೆಲಸ ಕಳೆದುಕೊಂಡರು. ಆ ಮನೆಗಳ ಸಂಕಟ ಈ ಕ್ಷೇತ್ರದ ಓದಿಗೆ ಒಳಗಾಗಬೇಕಿತ್ತು. ಗೃಹಿಣಿಯರ ಸಾವು ‘ಹೊಟ್ಟೆನೋವು ತಾಳದೆ’ ಎಂಬ ಸಾಲಿನಲ್ಲಿ ಮುಗಿಯುತ್ತದೆ. ವಿದ್ಯಾರ್ಥಿಗಳದ್ದು ಫಲಿತಾಂಶದ ವಾರದ ಸುದ್ದಿ.

1991ರಿಂದ ನಮ್ಮ ನೆಲದಲ್ಲೇ ಕನ್ನಡ ವಿಶ್ವವಿದ್ಯಾಲಯವಿದೆ, ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಹೊಸಪೇಟೆ, ಸಂಡೂರು, ಕಂಪ್ಲಿ ತಾಲ್ಲೂಕುಗಳ ಇಂಥ ಮನೆಗಳಿಗೆ ಇವೆರಡರ ಅಧ್ಯಾಪಕರು ಜತೆಯಾಗಿ ಹೋಗಿ, ಮನೆಯವರ ಒಪ್ಪಿಗೆ ಪಡೆದು, ಹೆಸರು ಮರೆಮಾಡಿ, ಅವರ ಮಾತನ್ನು ಅವರ ಕನ್ನಡದಲ್ಲೇ ದಾಖಲಿಸಬೇಕು. ಮಾಸ್ತಿಕಲ್ಲಿನ ಸವೆದ ಅಕ್ಷರ ಓದಲು ನಾವು ಪಟ್ಟ ಶ್ರಮದಲ್ಲಿ ಒಂದು ಪಾಲು ಅದಕ್ಕೆ ಸಾಕು. ರೈತನೇ, ಕೂಲಿಯೇ, ಗೃಹಿಣಿಯೇ ಎಂದು ವಿಚಾರಿಸಿ ಮರುಕ ಕೊಡುವ ಪದ್ಧತಿ ಅಲ್ಲಿಂದಾದರೂ ಮುರಿಯಲಿ. ಪರಿಹಾರದ ನಿಯಮಗಳು ಅದರ ಹಿಂದೆ ಬದಲಾಗಲೇಬೇಕಾಗುತ್ತದೆ.