ಮೂರು ಎತ್ತಂಗಡಿಗಳು: ‘ಹೆವನ್ ಹೆಲ್ಪ್ ಅಸ್’ ಚಿತ್ರ ಕುರಿತು ಒಂದು ಟಿಪ್ಪಣಿ

1

‘ಹೆವನ್ ಹೆಲ್ಪ್ ಅಸ್’ ಅಮೆರಿಕದಲ್ಲಿ ಬಿಡುಗಡೆಯಾದದ್ದು 1985ರ ಫೆಬ್ರವರಿ 8ರಂದು. ಬ್ರಿಟನ್ನಿನಲ್ಲಿ ಇದೇ ಚಿತ್ರದ ಹೆಸರು ‘ಕ್ಯಾಥೊಲಿಕ್ ಬಾಯ್ಸ್’. ನಿರ್ದೇಶಕ ಮೈಕೆಲ್ ಡಿನ್ನರ್, ಚಿತ್ರಕಥೆ ಚಾರ್ಲ್ಸ್ ಪರ್ಪುರಾ ಅವರದು. ಸರಿಯಾಗಿ ಒಂದು ವಾರಕ್ಕೆ, ಫೆಬ್ರವರಿ 15ಕ್ಕೆ, ಜಾನ್ ಹ್ಯೂಸ್‌ರ ‘ದ ಬ್ರೇಕ್‌ಫಾಸ್ಟ್ ಕ್ಲಬ್’ ತೆರೆಗೆ ಬಂತು. ಅದು ಅಮೆರಿಕದಲ್ಲಿ ಸುಮಾರು 4.5 ಕೋಟಿ ಡಾಲರ್ ಗಳಿಸಿದರೆ ಇದಕ್ಕೆ ದಕ್ಕಿದ್ದು ಸುಮಾರು 60 ಲಕ್ಷ. ಹದಿಹರೆಯದ ಸಿನಿಮಾ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಹ್ಯೂಸ್‌ರ ಚಿತ್ರ. ಡಿನ್ನರ್ ಅವರದನ್ನು ‘ಪೋರ್ಕೀಸ್’ (1981) ಮಾದರಿಯ ಪೋಲಿ ಹಾಸ್ಯಗಳ ಸಾಲಿಗೆ ಸೇರಿಸಿ ಮರೆತುಬಿಟ್ಟದ್ದೇ ಹೆಚ್ಚು.

ಪೋಲಿತನ ಇಲ್ಲಿ ಇಲ್ಲವೆಂದಲ್ಲ, ಧಾರಾಳವಾಗಿಯೇ ಇದೆ. ಈ ಟಿಪ್ಪಣಿಯ ವಾದ ಬೇರೆ. ನಗೆಯ ಅಡಿಯಲ್ಲಿ ಈ ಚಿತ್ರ ಒಂದೇ ಸಂಗತಿಯನ್ನು ಮತ್ತೆ ಮತ್ತೆ ಕಾಣಿಸುತ್ತದೆ: ತೊಡಕು ಎದುರಾದಾಗ ಹಿರಿಯರ ಲೋಕಕ್ಕೆ ಗೊತ್ತಿರುವ ಪರಿಹಾರ ಜನರನ್ನು ಜಾಗದಿಂದ ಎತ್ತುವುದು. ನಮ್ಮ ಕಚೇರಿಗಳ ಭಾಷೆಯಲ್ಲಿ ಇದಕ್ಕೊಂದು ಒಳ್ಳೆಯ ಮಾತಿದೆ, ಎತ್ತಂಗಡಿ. ಚಿತ್ರದಲ್ಲಿ ಅಂಥವು ಮೂರು.

2

ಮೊದಲನೆಯದು ಕಥೆಯ ಆರಂಭದಲ್ಲೇ ಇದೆ. ತಂದೆತಾಯಿ ತೀರಿಕೊಂಡ ಮೇಲೆ ಮೈಕೆಲ್ ಡನ್ (ಆಂಡ್ರ್ಯೂ ಮೆಕಾರ್ಥಿ) ಬಾಸ್ಟನ್ ಬಿಟ್ಟು, ತಂಗಿ ಬೂ ಜೊತೆ ಬ್ರೂಕ್ಲಿನ್ನಿನ ಅಜ್ಜ-ಅಜ್ಜಿಯ ಮನೆ ಸೇರುತ್ತಾನೆ. ಮೊಮ್ಮಗ ಪಾದ್ರಿಯಾಗಬೇಕೆಂಬುದು ಅಜ್ಜಿಯ ಹಂಬಲ. ಹಾಗಾಗಿ ಸೇಂಟ್ ಬೇಸಿಲ್ ಎಂಬ ಗಂಡುಮಕ್ಕಳ ಶಾಲೆಗೆ ಸೇರ್ಪಡೆ. ಅಲ್ಲಿ ಸಿಗುವವರು ಪುಸ್ತಕದ ಹುಳು ಸೀಸರ್, ಪುಂಡ ರೂನಿ, ಕೈಯನ್ನೂ ಮನಸ್ಸನ್ನೂ ಹತೋಟಿಯಲ್ಲಿಟ್ಟುಕೊಳ್ಳಲಾಗದ ವಿಲಿಯಮ್ಸ್, ಇವರ ಬೆನ್ನಿಗಿರುವ ಕಾರ್ಬೆಟ್. ಕಾರ್ಬೆಟ್ ಆಗಿ ನಟಿಸಿರುವವರು ಪ್ಯಾಟ್ರಿಕ್ ಡೆಂಪ್ಸಿ. ಮುಂದೆ ‘ದ ಸಿಂಪ್ಸನ್ಸ್’ನ ಲೀಸಾಗೆ ದನಿಯಾದ ಯಾರ್ಡ್ಲಿ ಸ್ಮಿತ್ ಕೂಡ ಒಂದು ಸಣ್ಣ ಪಾತ್ರದಲ್ಲಿದ್ದಾರೆ. ಇಬ್ಬರಿಗೂ ಇದು ಮೊದಲ ಸಿನಿಮಾ.

ಕನ್ನಡ ಓದುಗರಿಗೆ ಇಲ್ಲಿ ಒಂದು ವಿವರ ಬೇಕಾಗಬಹುದು. ಶಾಲೆ ನಡೆಸುವವರು ‘ಬ್ರದರ್’ಗಳು, ‘ಫಾದರ್’ಗಳಲ್ಲ. ಬ್ರದರ್ ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ವ್ರತ ತೊಟ್ಟವನು. ಆದರೆ ಗುರುದೀಕ್ಷೆ ಪಡೆದವನಲ್ಲ, ಪೂಜೆ ಅರ್ಪಿಸುವ ಅಥವಾ ಪಾಪನಿವೇದನೆ ಕೇಳುವ ಅಧಿಕಾರ ಅವನಿಗಿಲ್ಲ. 17ನೆಯ ಶತಮಾನದ ಫ್ರಾನ್ಸಿನಲ್ಲಿ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ಕಟ್ಟಿದ ಸಂಘದಿಂದ ಮೊದಲುಗೊಂಡು ಹಲವು ಬ್ರದರ್ ಸಂಘಗಳಿಗೆ ಪಾಠ ಹೇಳುವುದೇ ಸನ್ಯಾಸಧರ್ಮ. ಹುಡುಗರ ಮೇಲೆ ದಿನವಿಡೀ ಕಣ್ಣಿಟ್ಟವನು ಒಬ್ಬ, ಅವರ ಪಾಪ ಕ್ಷಮಿಸುವವನು ಇನ್ನೊಬ್ಬ. ಚಿತ್ರದ ಎಷ್ಟೋ ನಗೆಗೂ ಎಷ್ಟೋ ನೋವಿಗೂ ಈ ಬಿರುಕೇ ಮೂಲ.

ಬ್ರದರ್‌ಗಳಲ್ಲಿ ಮುಖ್ಯರು ಮೂವರು. ಮುಖ್ಯೋಪಾಧ್ಯಾಯ ಥ್ಯಾಡಿಯಸ್ (ಡೊನಾಲ್ಡ್ ಸದರ್ಲ್ಯಾಂಡ್) ಎಲ್ಲವನ್ನೂ ಬಲ್ಲವನು, ಆಡುವುದು ಕಡಿಮೆ. ಕಾನ್‌ಸ್ಟನ್ಸ್ (ಜೇ ಪ್ಯಾಟರ್ಸನ್) ಹೊಡೆಯುವ ಮೇಷ್ಟ್ರು. ಟಿಮೊಥಿ (ಜಾನ್ ಹರ್ಡ್) ಡನ್‌ನಂತೆಯೇ ಆಗಷ್ಟೇ ಬಂದವನು. ಶಾಲೆಗೆ ಹೊಸಬರಾದ ಇಬ್ಬರ ಕಣ್ಣಲ್ಲಿ, ಒಬ್ಬ ಬೆಂಚಿನಿಂದ ಇನ್ನೊಬ್ಬ ಮೇಜಿನ ಪಕ್ಕದಿಂದ, ನಾವು ಕಾನ್‌ಸ್ಟನ್ಸ್‌ನನ್ನು ನೋಡುತ್ತೇವೆ. ಪರ್ಪುರಾ ಅವರ ಚಿತ್ರಕಥೆಯ ಜಾಣ್ಮೆ ಇರುವುದು ಇಲ್ಲೇ.

3

ಕಥೆ ನಡೆಯುವ ವರ್ಷ 1965. ಆ ವರ್ಷ ಅಕ್ಟೋಬರ್ 4ರಂದು ಆರನೆಯ ಪಾಲ್ ನ್ಯೂಯಾರ್ಕಿಗೆ ಬಂದರು. ಅಮೆರಿಕದ ನೆಲದ ಮೇಲೆ ಕಾಲಿಟ್ಟ ಮೊದಲ ಪೋಪ್ ಅವರೇ. ಹಿಂದಿನ ಡಿಸೆಂಬರಿನಲ್ಲಷ್ಟೇ ಅವರು ಮುಂಬಯಿಗೆ ಬಂದು ಹೋಗಿದ್ದರು. ವಿಶ್ವಸಂಸ್ಥೆಯಲ್ಲಿ ಭಾಷಣ, ಯಾಂಕೀ ಕ್ರೀಡಾಂಗಣದಲ್ಲಿ ಪೂಜೆ ಮುಗಿಸಿ ಒಂದೇ ದಿನದಲ್ಲಿ ಹಿಂತಿರುಗಿದರು. ಚಿತ್ರ ಈ ಭೇಟಿಯನ್ನೂ ಕಥೆಯೊಳಗೆ ತರುತ್ತದೆ.

ಈ ವರ್ಷದ ಆಯ್ಕೆ ಬರಿಯ ಹಳೆಯ ನೆನಪಿನ ಅಲಂಕಾರವಲ್ಲ. 1964ರ ನವೆಂಬರ್ ಕೊನೆಗೆ ಅಮೆರಿಕದ ಇಗರ್ಜಿಗಳಲ್ಲಿ ಲ್ಯಾಟಿನ್ ಜೊತೆ ಇಂಗ್ಲಿಷ್ ಪೂಜೆಯೂ ಶುರುವಾಗಿತ್ತು. ಧರ್ಮಸಭೆಯನ್ನು ಕಾಲಕ್ಕೆ ಹೊಂದಿಸಲು ಬಿಷಪ್‌ಗಳು ಸೇರಿದ್ದ ಎರಡನೆಯ ವ್ಯಾಟಿಕನ್ ಸಮ್ಮೇಳನ ಕ್ರೈಸ್ತ ಶಿಕ್ಷಣ ಕುರಿತ ಘೋಷಣೆಯನ್ನು 1965ರ ಅಕ್ಟೋಬರ್ 28ರಂದು ಹೊರಡಿಸಿತು. ಡಿಸೆಂಬರ್ 8ರಂದು ಸಮ್ಮೇಳನವೇ ಮುಗಿಯಿತು. ಆಗ ಅಮೆರಿಕದ ಕ್ಯಾಥೊಲಿಕ್ ಶಾಲೆಗಳ ಮಕ್ಕಳ ಸಂಖ್ಯೆ 50 ಲಕ್ಷ ದಾಟಿತ್ತು. ಮುಂದೆ ಅದು ಇಳಿಯುತ್ತಲೇ ಹೋಯಿತು. ಅಂದರೆ ಸೇಂಟ್ ಬೇಸಿಲ್ ನಿಂತಿರುವುದು ಏರು ಮುಗಿದು ಇಳಿಜಾರು ಶುರುವಾಗುವ ಜಾಗದಲ್ಲಿ. ಕಾನ್‌ಸ್ಟನ್ಸ್‌ಗೂ ಟಿಮೊಥಿಗೂ ಇರುವ ಅಂತರ ಸ್ವಭಾವದ್ದಷ್ಟೇ ಅಲ್ಲ, ಎರಡು ಕಾಲಗಳದ್ದು.

4

ಛಾಯಾಗ್ರಾಹಕನ ಹೆಸರನ್ನು ವಿಮರ್ಶಕರು ಅಷ್ಟಾಗಿ ಗಮನಿಸಿದಂತಿಲ್ಲ: ಜೆಕ್ ದೇಶದ ಮಿರೊಸ್ಲಾವ್ ಒಂಡ್ರಿಚೆಕ್. ಇದಕ್ಕೆ ಹಿಂದಿನ ವರ್ಷವಷ್ಟೇ ತೆರೆಕಂಡ ‘ಅಮೆಡಿಯಸ್’ನಿಂದ ಹೆಸರಾಗಿದ್ದವರು. ಈ ಟಿಪ್ಪಣಿಗೆ ಹೆಚ್ಚು ಬೇಕಾದವು ಅವರ ಇನ್ನೆರಡು ಕೆಲಸಗಳು. ಮೊದಲನೆಯದು ಮಿಲೋಶ್ ಫೋರ್ಮನ್‌ರ ‘ಲವ್ಸ್ ಆಫ್ ಎ ಬ್ಲಾಂಡ್’. ಅದು ತೆರೆಕಂಡದ್ದು, ಆಕಸ್ಮಿಕವಾಗಿ, 1965ರಲ್ಲೇ. ಹೆಂಗಸರೇ ತುಂಬಿದ ಕಾರ್ಖಾನೆಯ ಊರಿಗೆ ಸೈನಿಕರನ್ನು ಕರೆಸಿ, ನೃತ್ಯಕೂಟ ಏರ್ಪಡಿಸಿ, ಗಂಡು ಹೆಣ್ಣು ಪರಸ್ಪರ ಮೆಚ್ಚಲಿ ಎಂದು ಆಡಳಿತವೇ ಹೊಂಚುವ ಕಥೆ. ಸೈನಿಕನೊಬ್ಬ ಮದುವೆಯ ಉಂಗುರ ಜೇಬಿಗಿಳಿಸಲು ಹೋಗಿ, ಅದು ಕೈಜಾರಿ ಮೇಜುಗಳ ಕೆಳಗೆ ಉರುಳುವ ಪ್ರಸಂಗ ಅದರಲ್ಲಿದೆ.

ಇಪ್ಪತ್ತು ವರ್ಷದ ನಂತರ ಅದೇ ಕಣ್ಣು ಬ್ರೂಕ್ಲಿನ್ನಿನ ಶಾಲಾ ನೃತ್ಯಕೂಟಕ್ಕೆ ಬಂತು. ಆ ದೃಶ್ಯವನ್ನು ಕೊಂಚ ಹತ್ತಿರದಿಂದ ನೋಡಬೇಕು. ಒಂದು ಬದಿಗೆ ಹುಡುಗರು, ಇನ್ನೊಂದು ಬದಿಗೆ ಹುಡುಗಿಯರ ಶಾಲೆಯಿಂದ ಬಂದವರು. ನಡುವೆ ಖಾಲಿ ನೆಲ. ಕುಣಿತಕ್ಕೆ ಮುಂಚೆ ಫಾದರ್ ಅಬ್ರೂಝಿ (ವಾಲೇಸ್ ಶಾನ್) ನಾಲ್ಕು ಮಾತು ಹೇಳಲು ಏಳುತ್ತಾರೆ. ವಿಷಯ ಕಾಮ. ಮೆಲ್ಲಗೆ ಶುರುವಾದ ಮಾತು ಏರುತ್ತ ಏರುತ್ತ ನರಕದ ಬೆಂಕಿ ಮುಟ್ಟುತ್ತದೆ. ಆ ಕುಳ್ಳ ದೇಹ, ಕೀರಲು ದನಿ, ಏರುವ ಉರಿ. ಮರುಕ್ಷಣ ಅದೇ ಬಾಯಿ ಎಲ್ಲರೂ ಸಂತೋಷವಾಗಿ ಕುಣಿಯಿರಿ ಎಂದು ಹರಸಿ ಕೆಳಗಿಳಿಯುತ್ತದೆ. ಕೇಳಿದ ಮಕ್ಕಳ ಕಾಲು ಕುಣಿತಕ್ಕೆ ಏಳುವುದು ಹೇಗೆ? ಫೋರ್ಮನ್‌ರ ಚಿತ್ರದಲ್ಲಿ ಆಡಳಿತ ಜೋಡಿಯನ್ನು ಕೂಡಿಸಲು ಹೊರಟರೆ ಇಲ್ಲಿ ಮಠ ಕೂಡಿಸಿ, ಅದೇ ಉಸಿರಿನಲ್ಲಿ ಬಿಡಿಸುತ್ತದೆ. ಎರಡೂ ಕಡೆ ನಗು ಹುಟ್ಟುವುದು ಹರೆಯದವರ ಪೆದ್ದುತನದಿಂದಲ್ಲ, ಅವರನ್ನು ಸಾಲಾಗಿ ನಿಲ್ಲಿಸಿದವರ ಏರ್ಪಾಡಿನಿಂದ.

ಆ ಎರಡು ಕೆಲಸಗಳಲ್ಲಿ ಎರಡನೆಯದು ಲಿಂಡ್ಸೆ ಆಂಡರ್ಸನ್‌ರ ‘ಇಫ್’ (1968). 1969ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಈ ಚಿತ್ರವೂ ಒಂಡ್ರಿಚೆಕ್‌ರದೇ, ಅದೂ ಹುಡುಗರ ಶಾಲೆಯ ಬಂಡಾಯ. ಇದರ ಬೇರು ಜಾನ್ ವಿಗೋ ಅವರ ‘ಝೀರೋ ಡಿ ಕಾಂಡ್ಯೂಟ್’ (1933). ಫ್ರಾನ್ಸ್ ಅದನ್ನು 1945ರವರೆಗೆ ನಿಷೇಧಿಸಿತ್ತು. ವಿಗೋ ಅವರ ಹುಡುಗರು ಕೊನೆಗೆ ಶಾಲೆಯ ಮಾಡು ಹತ್ತಿ, ಕೆಳಗೆ ಕೂತ ಗಣ್ಯರ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಾರೆ. ಆಂಡರ್ಸನ್‌ರ ಹುಡುಗರು ಅದೇ ಎತ್ತರದಿಂದ ಬಂದೂಕು ಹಾರಿಸುತ್ತಾರೆ. ಡಿನ್ನರ್ ಚಿತ್ರದ ಹುಡುಗರು ಎಲ್ಲಿಗೆ ಹತ್ತುತ್ತಾರೆ? ಎಲ್ಲಿಗೂ ಇಲ್ಲ. ಅವರ ದಂಗೆ ಕೊನೆಗಾಣುವುದು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ. ಈ ಇಳಿತವನ್ನು ಸೋಲೆಂದು ಓದಬಹುದು. ನನಗೆ ಅದು ಹೆಚ್ಚು ನಿಜವೆನಿಸುತ್ತದೆ. ಬಹುಪಾಲು ದಂಗೆಗಳು ಮುಗಿಯುವುದು ಕಚೇರಿಯಲ್ಲೇ.

5

ಶಾಲೆಯ ಎದುರಿಗೆ ಸೋಡಾ ಅಂಗಡಿ. ಮನಸ್ಸು ಕುಸಿದು ಕೂತ ತಂದೆಯನ್ನು ನೋಡಿಕೊಳ್ಳುತ್ತ ಅದನ್ನು ನಡೆಸುವವಳು ಡ್ಯಾನಿ (ಮೇರಿ ಸ್ಟೂವರ್ಟ್ ಮಾಸ್ಟರ್ಸನ್). ಹುಡುಗರು ಅಲ್ಲಿ ಸೇರುತ್ತಾರೆಂದು ಬ್ರದರ್‌ಗಳು ದಾಳಿ ಇಡುತ್ತಾರೆ. ಡನ್ ಮತ್ತು ಡ್ಯಾನಿಯ ಪ್ರೀತಿ ಚಿಗುರುವುದು ಈ ಅಂಗಡಿಯಲ್ಲೇ. ಕೊನೆಗೆ ಮಕ್ಕಳ ಕಲ್ಯಾಣದ ಅಧಿಕಾರಿಗಳು ಡ್ಯಾನಿಯನ್ನು ಕರೆದೊಯ್ಯುತ್ತಾರೆ. ಇದು ಎರಡನೆಯ ಎತ್ತಂಗಡಿ. ಅವಳ ತಪ್ಪೇನೂ ಇಲ್ಲ. ಚಿತ್ರ ನಗೆಯನ್ನು ಪೂರ್ತಿ ಬದಿಗಿಡುವ ಗಳಿಗೆಯಿದು.

ಮೂರನೆಯದು ಕಾನ್‌ಸ್ಟನ್ಸ್‌ನದು. ಸಂತ ಬೇಸಿಲರ ಮೂರ್ತಿಯ ತಲೆ ಹಾರಿಸಿದ ಹುಡುಗರನ್ನು ಅವನು ಸಾಲಾಗಿ ಬಾರಿಸತೊಡಗುತ್ತಾನೆ. ಓಟ, ಬೆನ್ನಟ್ಟುವಿಕೆ, ಇಡೀ ಶಾಲೆ ನೆರೆದ ಸಭಾಂಗಣ. ಅಲ್ಲಿ ಡನ್ ಅವನಿಗೆ ಒಂದು ಗುದ್ದು ಕೊಡುತ್ತಾನೆ, ಹುಡುಗರೆಲ್ಲ ಚಪ್ಪಾಳೆ ಹೊಡೆಯುತ್ತಾರೆ. ಬೇರೆ ಸಿನಿಮಾ ಇಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಚಪ್ಪಾಳೆಯ ಆಚೆಗೆ ಥ್ಯಾಡಿಯಸ್‌ನ ತೀರ್ಪಿದೆ: ಹುಡುಗರಿಗೆ ಎರಡು ವಾರ ಅಮಾನತು, ಕಾನ್‌ಸ್ಟನ್ಸ್‌ಗೆ ವರ್ಗಾವಣೆ. ಹುಡುಗರಿಗೆ ಎರಡು ವಾರ ರಜೆ ಸಿಕ್ಕಷ್ಟೇ ಖುಷಿ. ಪ್ರೇಕ್ಷಕರಿಗೂ ನ್ಯಾಯ ಸಿಕ್ಕಿತೆಂಬ ನೆಮ್ಮದಿ.

6

ಈ ನೆಮ್ಮದಿಯನ್ನು ಇವತ್ತು ಕೂತು ಪರಿಶೀಲಿಸಬೇಕಾಗಿದೆ. ಶಾಲೆಯಲ್ಲಿ ಹಲಗೆಯಿಂದ ಬಾರಿಸುವುದಕ್ಕೆ ‘ಕ್ರೂರ ಶಿಕ್ಷೆ’ಯನ್ನು ನಿಷೇಧಿಸುವ ಸಂವಿಧಾನದ ತಿದ್ದುಪಡಿ ಅನ್ವಯಿಸದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಹೇಳಿತ್ತು. ನ್ಯೂಯಾರ್ಕ್ ರಾಜ್ಯ ತನ್ನ ಸರ್ಕಾರಿ ಶಾಲೆಗಳಲ್ಲಿ ಹೊಡೆತ ನಿಲ್ಲಿಸಿದ್ದು 1985ರಲ್ಲಿ, ಈ ಚಿತ್ರ ಬಂದ ವರ್ಷವೇ. ಸೇಂಟ್ ಬೇಸಿಲ್‌ನಂಥ ಖಾಸಗಿ ಶಾಲೆಗಳಿಗೆ ಆ ನಿಷೇಧ ವಿಸ್ತರಿಸಿದ್ದು 2023ರಲ್ಲಿ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೆ ನಿಷೇಧಿಸುತ್ತದೆ. ಹೀಗಾಗಿ ಕಾನ್‌ಸ್ಟನ್ಸ್ 1965ರ ಪಳೆಯುಳಿಕೆಯಲ್ಲ. ಚಿತ್ರ ನೋಡಿದ 1985ರ ಪ್ರೇಕ್ಷಕರ ಮಕ್ಕಳಿಗೂ ಅವನು ಸಮಕಾಲೀನನಾಗಿರಬಹುದಿತ್ತು.

‘ವರ್ಗಾವಣೆ’ ಎಂಬ ಪದದ ತೂಕವೂ ಬದಲಾಗಿದೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ ಪಾದ್ರಿಗಳನ್ನು ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ಸಾಗಿಸುತ್ತ ಬಂದ ಪರಿಯನ್ನು 2002ರಲ್ಲಿ ‘ಬಾಸ್ಟನ್ ಗ್ಲೋಬ್’ ಪತ್ರಿಕೆ ಬಯಲಿಗೆಳೆಯಿತು. ಡಿನ್ನರ್ ಚಿತ್ರದ ವಿಷಯ ಅದಲ್ಲ. ಇಲ್ಲಿರುವುದು ಹೊಡೆತ ಮಾತ್ರ, ಚಿತ್ರಕ್ಕೆ ಅಂಥ ಮುನ್ನೋಟ ಇತ್ತೆನ್ನುವುದೂ ಅತಿಯಾದೀತು. ಆದರೆ ಸಂಸ್ಥೆಯ ಕೈ ರೂಢಿಯಂತೆ ಯಾವ ಕಡೆ ಚಾಚುತ್ತದೆ ಎಂಬುದನ್ನು ಅದು ಸರಿಯಾಗಿ ಗುರುತಿಸಿತ್ತು. ‘ನೀರಿಲ್ಲದ ಊರಿಗೆ ಹಾಕಿಸ್ತೀನಿ’ ಎಂಬ ಗದರಿಕೆ ಕೇಳುತ್ತ ಬೆಳೆದ ನಮಗೆ ಆ ತರ್ಕ ಹೊಸದಲ್ಲ. ಹಾಗೆ ಗದರುವವರು ಆ ನೀರಿಲ್ಲದ ಊರಿನವರ ಪಾಡೇನೆಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಮೈಕೆಲ್ ಡಿನ್ನರ್ ಮುಂದೆ ‘ದ ವಂಡರ್ ಇಯರ್ಸ್’ ಧಾರಾವಾಹಿಗೆ ಬಂದರು. 1990ರಲ್ಲಿ ಅವರಿಗೆ ಎಮ್ಮಿ ತಂದ ಸಂಚಿಕೆ ಒಬ್ಬ ಹುಡುಗ ಮತ್ತು ಅವನ ಗಣಿತ ಮೇಷ್ಟ್ರ ಕುರಿತದ್ದು. ಆ ಮೇಷ್ಟ್ರು ಇನ್ನಿಲ್ಲವೆಂಬುದು ಹುಡುಗನಿಗೆ ತಡವಾಗಿ ತಿಳಿಯುತ್ತದೆ, ಅವರ ಖಾಲಿ ಜಾಗ ಅವನನ್ನು ಕಾಡುತ್ತದೆ. ಕಾನ್‌ಸ್ಟನ್ಸ್‌ನ ಖಾಲಿ ಜಾಗ ಯಾರನ್ನೂ ಕಾಡುವುದಿಲ್ಲ. ಮೂರು ಎತ್ತಂಗಡಿಗಳಲ್ಲಿ ಡನ್ ಬಂದಿಳಿದ ಮನೆ ನಮಗೆ ಗೊತ್ತು. ಡ್ಯಾನಿ ಹೋದಾಗ ಡನ್‌ನ ಜೊತೆ ನಾವೂ ಕಳವಳಪಡುತ್ತೇವೆ. ಕಾನ್‌ಸ್ಟನ್ಸ್ ಹೊರಟ ದಾರಿಯನ್ನು ಮಾತ್ರ ಕ್ಯಾಮೆರಾ ಹಿಂಬಾಲಿಸುವುದಿಲ್ಲ, ನಾವೂ ಕೇಳುವುದಿಲ್ಲ. ಚಪ್ಪಾಳೆ ಹೊಡೆದ ಹುಡುಗರಷ್ಟೇ ನಿರಾಳವಾಗಿ ಎದ್ದು ಹೊರಡುತ್ತೇವೆ.